ಕಲಿಕೆಯ ಸಾರವೆ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಚಿರೆಕಲ್ಲಿನ ಮನೆ ಕಟ್ಟುವುದನ್ನು ಎಲ್ಲರೂ ಕಂಡಿರುತ್ತಾರೆ. ಗೋಡೆಯು ಆಳೆತ್ತರವನ್ನು ಮೀರಿದೊಡನೆ ಕೆಲಸಗಾರರು ಅದರ ಪಕ್ಕದಲ್ಲಿ ಗಳುಗಳನ್ನು ನಿಲ್ಲಿಸಿ, ಹಲಗೆ ಹಾಸಿ, ಅದರ ಮೇಲೆ ನಿಂತು ಮುಂದಿನ ಕಲ್ಲನ್ನು ಇಡುತ್ತಾರೆ. ಈ ಆಸರೆಗೆ ಸಾರವೆ ಎಂದು ಹೆಸರು. ಗೋಡೆ ಗಟ್ಟಿಯಾದ ಮೇಲೆ ಅದನ್ನು ಬಿಚ್ಚುತ್ತಾರೆ. ಸಾರವೆ ಬಿಚ್ಚಿದೊಡನೆ ಕುಸಿಯುವ ಗೋಡೆಯನ್ನು ಗೋಡೆ ಎನ್ನಲಾದೀತೆ?

ಕಲಿಕೆಗೂ ಇಂತಹ ಸಾರವೆ ಅಗತ್ಯವೆಂದು 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ ಎಂಬ ಮನೋವಿಜ್ಞಾನಿಗಳು ತೋರಿಸಿಕೊಟ್ಟರು. ಅವರು 3, 4 ಮತ್ತು 5 ವರ್ಷದ 30 ಮಕ್ಕಳಿಂದ 21 ಮರದ ತುಂಡುಗಳನ್ನು ಜೋಡಿಸಿ ಪಿರಮಿಡ್ಡನ್ನು ಕಟ್ಟಿಸಿದರು. ತೀರ ಚಿಕ್ಕವರಿಗೆ ಮಾಡಿ ತೋರಿಸಬೇಕಾಯಿತು; ನಡುವಿನವರಿಗೆ ಬಾಯಿಮಾತಿನ ಸೂಚನೆ ಬೇಕಾಯಿತು; ದೊಡ್ಡವರಿಗೆ ಬಹುಮಟ್ಟಿಗೆ ‘ಸರಿಯಾಗಿದೆ’ ಎಂಬ ಭರವಸೆಯೇ ಸಾಕಾಯಿತು. ನೆರವು ಕಲಿಯುವವರ ಶಕ್ತಿಗೆ ತಕ್ಕಂತಿರಬೇಕು, ಶಕ್ತಿ ಬೆಳೆದಂತೆ ಕಡಿಮೆಯಾಗಬೇಕು ಎಂಬುದೇ ಇದರ ತಿರುಳು.

ಇಂದು ಅನೇಕ ಶಾಲೆಗಳಿಗೆ ಕಂಪ್ಯೂಟರು, ಪ್ರೊಜೆಕ್ಟರು, ಇಂಟರ್‌ನೆಟ್ಟುಗಳು ಬಂದಿವೆ. ಇವು ಕೇಳಿದೊಡನೆ ಉತ್ತರವನ್ನು ನೀಡಬಲ್ಲವು. ಆದರೆ ಉತ್ತರ ದೊರೆಯುವುದು ಬೇರೆ, ಅರಿವು ಮೂಡುವುದು ಬೇರೆ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ.

ಕುಮಟಾದ ಬಳಿ ಸಮುದ್ರವನ್ನು ಸೇರುವ ಅಘನಾಶಿನಿಯಲ್ಲಿ ಉಬ್ಬರವು ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ ಬರುತ್ತದೆ. ಅದರ ವೇಳೆಯನ್ನು ಕಂಪ್ಯೂಟರು ಕ್ಷಣಮಾತ್ರದಲ್ಲಿ ಹೇಳಬಲ್ಲದು. ಹಾಗೆ ಹೇಳಿಸುವುದರ ಬದಲು, ಅಧ್ಯಾಪಕರು ಕಾರವಾರ ಬಂದರಿನ ಉಬ್ಬರವಿಳಿತದ ಪಟ್ಟಿಯನ್ನು ತೆರೆದು, ಮೊದಲ ದಿನದ ನಕ್ಷೆಯನ್ನು ತಾವೇ ಪರದೆಯ ಮೇಲೆ ಬಿಡಿಸಿ ತೋರಿಸಬಹುದು. ಎರಡನೆಯ ದಿನದ ನಕ್ಷೆಯನ್ನು ವಿದ್ಯಾರ್ಥಿಗಳು ಪೂರ್ತಿಗೊಳಿಸಲಿ. ಮೂರನೆಯ ದಿನಕ್ಕೆ ಪ್ರಶ್ನೆಯೊಂದೇ ಸಾಕು: ಉಬ್ಬರವು ಎಷ್ಟು ತಡವಾಗಿ ಬಂದಿತು? ಸುಮಾರು 50 ನಿಮಿಷ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನೂ ತನ್ನ ಪಥದಲ್ಲಿ ಮುಂದೆ ಸರಿದಿರುತ್ತಾನೆಂಬ ಕಾರಣವೂ ಆಗ ಹೊಳೆಯುತ್ತದೆ. ನಾಲ್ಕನೆಯ ದಿನದ ವೇಳೆಯನ್ನು ಪರದೆ ನೋಡದೆ ಲೆಕ್ಕ ಹಾಕಿ, ಬಳಿಕ ಪಟ್ಟಿಯೊಡನೆ ಹೋಲಿಸುತ್ತಾರೆ. ಅಲ್ಲಿಗೆ ಸಾರವೆ ಬಿಚ್ಚಿದಂತಾಯಿತು.

ಇದು ಕೇವಲ ಪರೀಕ್ಷೆಯ ವಿಷಯವಲ್ಲ. ಅಘನಾಶಿನಿಯ ದಡದ ಗಜನಿ ಗದ್ದೆಗಳಲ್ಲಿ ಉಬ್ಬರವನ್ನರಿತು ಒಡ್ಡಿನ ಬಾಗಿಲನ್ನು ತೆರೆದು ಮುಚ್ಚಬೇಕು. ವೇಳೆ ತಪ್ಪಿದರೆ ಉಪ್ಪುನೀರು ಒಳನುಗ್ಗುತ್ತದೆ. ಉಪ್ಪನ್ನು ತಾಳಬಲ್ಲ ಕಗ್ಗ ಭತ್ತಕ್ಕೂ ಒಂದು ಮಿತಿಯುಂಟು. ಮಳೆಗಾಲದಲ್ಲಿ ವಿದ್ಯುತ್ತು ನಿಂತರೆ ಪರದೆ ಕತ್ತಲಾಗುತ್ತದೆ; ಉಬ್ಬರ ಮಾತ್ರ ಕಾಯುವುದಿಲ್ಲ. ಒಡ್ಡಿನ ಬಳಿ ನಿಂತವನಿಗೆ ಆಗ ನೆರವಾಗುವುದು ತಾನೇ ಲೆಕ್ಕ ಹಾಕಿ ಕಲಿತ ವಿದ್ಯೆ.

ಯಂತ್ರಗಳು ಸಾರವೆಯ ಗಳುಗಳಿದ್ದಂತೆ. ಅವನ್ನು ಎಲ್ಲಿ ಕಟ್ಟಬೇಕು, ಯಾವಾಗ ಬಿಚ್ಚಬೇಕು ಎಂಬುದನ್ನು ಅರಿತವರು ಅಧ್ಯಾಪಕರು. ಆದರೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆಯನ್ನು ಎಬ್ಬಿಸಬೇಕಾದವನು ವಿದ್ಯಾರ್ಥಿಯೇ.