ಬೋರ್ಡು ಮುಟ್ಟುವ ಮೊದಲು ನಲ್ಲಿ ಮುಟ್ಟಿ

ಮಣ್ಣಿನ ತೇವ ನೋಡಿ ಪಂಪು ತಾನೇ ಶುರುವಾಗುವ ಸಣ್ಣ ಸರ್ಕ್ಯೂಟನ್ನು ಮನೆಯಲ್ಲೇ ಜೋಡಿಸ್ತಿದ್ದೀರಾ? ಒಳ್ಳೆಯದು. ಆದರೆ ಮಾರ್ಚ್ ಬಿಸಿಲಲ್ಲಿ ಅದು ಸದ್ದಿಲ್ಲದೆ ಕೈಕೊಟ್ಟರೆ ತರಕಾರಿ ಸಾಲು ಬಾಡಿದ ಮೇಲೆಯೇ ಗೊತ್ತಾಗೋದು. ಇದಕ್ಕೆ ಒಂದು ಕಾರಣ ನಮ್ಮ ಕೈಯಲ್ಲೇ ಇರಬಹುದು: ಸ್ಥಿರ ವಿದ್ಯುತ್.

ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದಾಗ, ಪಾಲಿಯೆಸ್ಟರ್ ಅಂಗಿ ಕಳಚಿದಾಗ ಮೈಯಲ್ಲಿ ವಿದ್ಯುತ್ ಸೇರ್ತದೆ. ಅದು ಸುಮಾರು 3000 ವೋಲ್ಟ್ ದಾಟಿದರೆ ಮಾತ್ರ ನಮಗೆ ಚುರ್ ಅನ್ನಿಸ್ತದೆ. ಕೆಲವು ಚಿಪ್‌ಗಳು ಹಾಳಾಗಲು 100 ವೋಲ್ಟ್ ಸಾಕು. ಅಂದರೆ ಏನೂ ಗೊತ್ತಾಗದೆಯೇ ಹಾನಿ ಆಗಿರ್ತದೆ. ಅರೆಪೆಟ್ಟು ತಿಂದ ಚಿಪ್ ಇವತ್ತು ಕೆಲಸ ಮಾಡಿ, ತಿಂಗಳು ಬಿಟ್ಟು ಸಾಯಬಹುದು.

"ಹಂಗಾರಕಟ್ಟೆ ಅಳಿವೆ ಬದಿ, ಗಾಳಿಯಲ್ಲೇ ತೇವ ಇದೆ, ನಮಗೇನು ಭಯ?" ಅಂತ ಕೇಳಬಹುದು. ಅರ್ಧ ನಿಜ. ತೇವ ಇದ್ದಾಗ ವಿದ್ಯುತ್ ಬೇಗ ಸೋರಿಹೋಗ್ತದೆ, ಮಳೆಗಾಲದಲ್ಲಿ ತೊಂದರೆ ಕಡಿಮೆ. ಒಣ ಹವೆಯ ದಿನ, ಎಸಿ ಕೋಣೆಯಲ್ಲಿ ಹಾಗಲ್ಲ.

ಹೀಗೆ ಮಾಡಿ:

1. ಕೆಲಸಕ್ಕೆ ಕೂರುವಾಗ, ಎದ್ದು ಬಂದಾಗಲೆಲ್ಲ, ನೆಲಕ್ಕಿಳಿದ ಕಬ್ಬಿಣದ ಪೈಪಿನ ನಲ್ಲಿ ಮುಟ್ಟಿ. ಪಿವಿಸಿ ಪೈಪು ಮುಟ್ಟಿ ಪ್ರಯೋಜನವಿಲ್ಲ.

2. ಬೋರ್ಡನ್ನು ಅಂಚಿನಲ್ಲಿ ಹಿಡಿಯಿರಿ, ಪಿನ್ನು ಮುಟ್ಟಬೇಡಿ. ಥರ್ಮೋಕೋಲ್, ಪ್ಲಾಸ್ಟಿಕ್ ಹಾಳೆ ಮೇಲೆ ಇಡಬೇಡಿ. ಮರದ ಮೇಜು ಸಾಕು.

3. ಚಿಪ್ ಬಂದ ಬೆಳ್ಳಿ ಬಣ್ಣದ ಚೀಲ ಎಸೆಯಬೇಡಿ. ಅದಿಲ್ಲದಿದ್ದರೆ ಬ್ಯಾಟರಿ ತೆಗೆದು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿಡಿ.

4. ಕೈಗೆ ಕಟ್ಟುವ ಪಟ್ಟಿ ಬೇಕಾದರೆ 1 ಮೆಗಾಓಮ್ ರೆಸಿಸ್ಟರ್ ಇರುವುದನ್ನೇ ಕೊಳ್ಳಿ. ಬರಿ ತಂತಿ ಕೈಗೆ ಸುತ್ತಿ ಅರ್ಥಿಂಗ್‌ಗೆ ಜೋಡಿಸಬೇಡಿ, ಜೀವಕ್ಕೆ ಅಪಾಯ. 230 ವೋಲ್ಟ್ ಲೈನಿರುವ ಪಂಪ್ ಪೆಟ್ಟಿಗೆ ತೆರೆಯುವಾಗ ಮೇನ್ ಆಫ್ ಮಾಡಿ, ಪಟ್ಟಿ ಕಳಚಿ.

5. ಗದ್ದೆಗೆ ಹೋದ ಉದ್ದದ ಸೆನ್ಸರ್ ತಂತಿಯನ್ನು ಮೋಡ ಕಟ್ಟುವ ಮೊದಲೇ ಬೋರ್ಡಿನಿಂದ ಬಿಡಿಸಿ. ಗುಡುಗು ಶುರುವಾದ ಮೇಲೆ ಹತ್ತಿರ ಹೋಗಬೇಡಿ.

ಕೊನೆಯದಾಗಿ, ಬೋರ್ಡು ಸತ್ತರೆ ಮೊದಲು ಕಣ್ಣಿಟ್ಟು ನೋಡಿ. ತಾಮ್ರದ ಗೆರೆ ಹಸಿರಾಗಿದ್ದರೆ ಅದು ಉಪ್ಪು ಗಾಳಿಯ ಕೆಲಸ. ನೀರು, ಗಾಳಿ ಹೋಗದ ಡಬ್ಬಿ ಬೇಕು. ಬೋರ್ಡು ಹೊಸತರಂತೆ ಹೊಳೀತಿದ್ದು, ಜೋಡಣೆ ಸರಿಯಿದ್ದೂ ಚಿಪ್ ಸತ್ತಿದ್ದರೆ, ಸ್ಥಿರ ವಿದ್ಯುತ್ತಿನ ಮೇಲೆ ಅನುಮಾನ ಇಡಿ. ಮುಂದಿನ ಚಿಪ್ ಹಾಕುವಾಗ ಮೊದಲು ನಲ್ಲಿ ಮುಟ್ಟಿ.