ಹೊಲದಿಂದ ಬರುವ ಇಂಧನ: ಒಂದು ಆಯವ್ಯಯದ ವಿಚಾರ

ಕಳೆದ ಯುಗಾದಿಯ ಮರುದಿನ ನಮ್ಮ ಹಳೆಯ ಶಿಷ್ಯನೊಬ್ಬನು ಮಂಡ್ಯದ ಸೀಮೆಯಿಂದ ನಮ್ಮನ್ನು ಕಾಣಲು ಬಂದಿದ್ದನು. ಕುಶಲಪ್ರಶ್ನೆಗಳಾದ ಮೇಲೆ, “ಮೇಷ್ಟ್ರೇ, ರಾಗಿ ಬೆಳೆಯುವ ಎರಡೆಕರೆ ಹೊಲಕ್ಕೆ ಕೊಳವೆಬಾವಿ ತೋಡಿಸಿ ಕಬ್ಬು ಹಾಕೋಣವೆಂದಿದ್ದೇನೆ. ಈಗ ಕಬ್ಬಿನಿಂದ ಮೋಟಾರುಗಳೂ ಓಡುತ್ತವಷ್ಟೆ. ಗಾಳಿಯೂ ಕೆಡುವುದಿಲ್ಲವಂತೆ. ತಾವೇನು ಹೇಳುತ್ತೀರಿ?” ಎಂದನು. ನಾವು ಒಡನೆ ಉತ್ತರ ಕೊಡಲಾರದೆ ಒಂದು ತಿಂಗಳ ಅವಧಿ ಕೇಳಿದೆವು. ಆ ತಿಂಗಳಲ್ಲಿ ಓದಿ ತಿಳಿದುದನ್ನೇ ವಾಚಕರ ಮುಂದಿಡುತ್ತಿದ್ದೇವೆ.

‘ಇಂಧ್’ ಎಂಬ ಧಾತುವಿಗೆ ಉರಿಸು ಎಂದರ್ಥ. ಉರಿಯುವುದಕ್ಕೆ ಸಾಧನವಾದುದು ಇಂಧನ. ಸಸ್ಯವು ಬೆಳೆಯುವಾಗ ಗಾಳಿಯಿಂದ ಇಂಗಾಲಾಮ್ಲ ವಾಯುವನ್ನು ಹೀರುವುದು; ಉರಿಯುವಾಗ ಅದನ್ನೇ ಹಿಂದಿರುಗಿಸುವುದು. ಆದಕಾರಣ ಜಮೆಯೂ ಖರ್ಚೂ ಸರಿಹೋಗಿ, ಲೆಕ್ಕದಲ್ಲಿ ಸೊನ್ನೆ ಉಳಿಯಬೇಕೆಂಬುದು ಸಸ್ಯೇಂಧನದ ಪರವಾದ ವಾದ. ಈ ಯೋಚನೆ ಹೊಸದಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿಯೇ ಡೀಸೆಲ್ ಯಂತ್ರವೊಂದು ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ಮೋಟಾರಿಗೆ ಬಳಸುವ ಮದ್ಯಸಾರದ ವಿಷಯದಲ್ಲಿ ನಮ್ಮ ದೇಶವು 1948ರಲ್ಲಿಯೇ ಒಂದು ಕಾನೂನು ಮಾಡಿತ್ತು. ಬ್ರೆಜಿಲ್ ದೇಶವು 1975ರಿಂದ ಕಬ್ಬಿನ ಮದ್ಯಸಾರವನ್ನು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದಿತು. ನಮ್ಮಲ್ಲಿ 2013–14ರಲ್ಲಿ ಪೆಟ್ರೋಲಿಗೆ ಬೆರೆಯುತ್ತಿದ್ದ ಎಥನಾಲ್ ಶೇಕಡಾ 1.5ರಷ್ಟು ಮಾತ್ರ, ಅದು 2022ರಲ್ಲಿ ಶೇಕಡಾ 10ನ್ನೂ 2025ರಲ್ಲಿ ಶೇಕಡಾ 20ನ್ನೂ ಮುಟ್ಟಿತು. ಇದರಿಂದ ವಿದೇಶಕ್ಕೆ ಹೋಗುವ ಹಣ ಉಳಿಯುವುದೆಂಬುದೂ, ಕಾರ್ಖಾನೆಗಳು ರೈತರ ಬಾಕಿಯನ್ನು ಬೇಗ ತೀರಿಸಲು ಅನುಕೂಲವಾಯಿತೆಂಬುದೂ ಅಲ್ಲಗಳೆಯತಕ್ಕ ಮಾತುಗಳಲ್ಲ.

ಆದರೆ ಮನೆವಾರ್ತೆ ನಡೆಸಿದವರೆಲ್ಲರೂ ಬಲ್ಲರು: ಬರೆಯದೆ ಬಿಟ್ಟ ಖರ್ಚೇ ಸಂಸಾರವನ್ನು ಮುಳುಗಿಸುವುದು. ಇಲ್ಲಿಯೂ ಅಂತಹ ಖರ್ಚುಗಳುಂಟು. ಹೊಲಕ್ಕೆ ಸುರಿದ ಯೂರಿಯಾದ ಒಂದಂಶವು ನೈಟ್ರಸ್ ಆಕ್ಸೈಡ್ ಎಂಬ ಅನಿಲವಾಗಿ ಮೇಲೇರುವುದು. ತೂಕಕ್ಕೆ ತೂಕ ಹೋಲಿಸಿದರೆ, ಭೂಮಿಯನ್ನು ಕಾಯಿಸುವುದರಲ್ಲಿ ಅದು ಇಂಗಾಲಾಮ್ಲಕ್ಕಿಂತ ಇನ್ನೂರೈವತ್ತು ಪಾಲಿಗೂ ಮಿಕ್ಕು ಬಲವಾದುದು. ಉಳುವ ಟ್ರ್ಯಾಕ್ಟರು, ನೀರೆತ್ತುವ ಪಂಪು, ಭಟ್ಟಿಯ ಕಾವು ಇವೂ ಲೆಕ್ಕಕ್ಕೆ ಸೇರಬೇಕು. ಕಬ್ಬಿನ ಸಿಪ್ಪೆಯೇ ಕಾರ್ಖಾನೆಯ ಒಲೆಗೆ ಸೌದೆಯಾಗುವುದರಿಂದ ಕಬ್ಬಿಗೆ ಈ ಕಡೆಯ ವಿಚಾರದಲ್ಲಿ ಸ್ವಲ್ಪ ರಿಯಾಯಿತಿ ಕೊಡಬಹುದು.

ಎಲ್ಲಕ್ಕಿಂತ ದೊಡ್ಡ ಖರ್ಚು ನೆಲದ್ದು. 2008ರಲ್ಲಿ ಪ್ರಕಟವಾದ ವಿಜ್ಞಾನಿಗಳ ಗಣನೆಯೊಂದರಂತೆ, ಬ್ರೆಜಿಲಿನ ಹುಲ್ಲುಗಾಡನ್ನು ಉತ್ತು ಕಬ್ಬು ಹಾಕಿದರೆ, ಆಗ ಹೊರಬಿದ್ದ ಇಂಗಾಲದ ಸಾಲ ತೀರಲು ಸುಮಾರು 17 ವರ್ಷ ಹಿಡಿಯುವುದು. ಇಂಡೋನೇಷ್ಯಾ, ಮಲೇಷ್ಯಾಗಳ ಜೌಗುಕಾಡನ್ನು ಕಡಿದು ತಾಳೆಯೆಣ್ಣೆ ಬೆಳೆದರೆ 400 ವರ್ಷಗಳಿಗೂ ಮಿಕ್ಕು ಬೇಕು. ಮುಮ್ಮಕ್ಕಳ ಮುಮ್ಮಕ್ಕಳೂ ತೀರಿಸಲಾರದ ಸಾಲವನ್ನು ಯಾವ ಗೃಹಸ್ಥನು ಮಾಡಿಯಾನು?

ನಮ್ಮ ನಾಡಿಗೆ ಮುಖ್ಯವಾದುದು ನೀರಿನ ಲೆಕ್ಕ. ನೀತಿ ಆಯೋಗದ 2021ರ ವರದಿಯಂತೆ, ಕಬ್ಬಿನಿಂದ ಒಂದು ಲೀಟರು ಎಥನಾಲ್ ಪಡೆಯಲು ಸುಮಾರು 2,860 ಲೀಟರು ನೀರು ಬೇಕು. ಹತ್ತು ಲೀಟರು ಪೆಟ್ರೋಲು ತುಂಬಿಸಿದ ಮೋಟಾರ್ ಸೈಕಲ್ಲಿನಲ್ಲಿ ಎರಡು ಲೀಟರು ಎಥನಾಲ್ ಇರುವುದು. ಅದೆಲ್ಲವೂ ಕಬ್ಬಿನದಾದರೆ 5,720 ಲೀಟರು ನೀರಾಯಿತು. ಹದಿನೈದು ಲೀಟರಿನ ಕೊಡದಲ್ಲಿ ಸುಮಾರು 380 ಕೊಡ! ಬೇಸಗೆಯಲ್ಲಿ ನಲ್ಲಿಯ ಮುಂದೆ ಸರದಿ ನಿಂತ ತಾಯಂದಿರಿಗೆ ಈ ಸಂಖ್ಯೆಯ ಅರ್ಥವನ್ನು ನಾವು ಹೇಳಬೇಕಾಗಿಲ್ಲ. ಮಳೆ ಸಾಲದೆ ಹೋದುದರಿಂದ 2023ರ ಡಿಸೆಂಬರಿನಲ್ಲಿ ಕಬ್ಬಿನ ಹಾಲನ್ನು ಎಥನಾಲಿಗೆ ಬಳಸದಂತೆ ಸರಕಾರವೇ ತಡೆಯಬೇಕಾಯಿತು. ಆ ಬಳಿಕ ಮೆಕ್ಕೆಜೋಳಕ್ಕೆ ಗಿರಾಕಿ ಹೆಚ್ಚಿತು. ಹೊರಗೆ ಮಾರುತ್ತಿದ್ದ ದೇಶವು 2024ರಲ್ಲಿ ಅದನ್ನು ತರಿಸಿಕೊಳ್ಳುವಂತಾಯಿತು. ಕೋಳಿಯ ಮೇವೂ ಮೋಟಾರಿನ ಮೇವೂ ಒಂದೇ ಕಣಜದಿಂದ ಬರತೊಡಗಿದರೆ ಬೆಲೆಯೇರುವುದು ಸಹಜವೇ ಸರಿ.

ಹಾಗಾದರೆ ಸಸ್ಯೇಂಧನವೇ ಬೇಡವೆ? ಹಾಗಲ್ಲ. ಸಕ್ಕರೆ ತೆಗೆದು ಮಿಕ್ಕ ಕಾಕಂಬಿಯಿಂದಲೂ, ಕರಿದು ಉಳಿದ ಎಣ್ಣೆಯಿಂದಲೂ ಬಂದುದು ಮೇಲಾದುದು. ಸುಟ್ಟು ಹಾಳುಮಾಡುತ್ತಿದ್ದ ಬತ್ತದ ಹುಲ್ಲಿನಿಂದ ಎಥನಾಲ್ ಮಾಡುವ ಕಾರ್ಖಾನೆಯೊಂದು 2022ರಲ್ಲಿ ಪಾಣಿಪತ್ತಿನಲ್ಲಿ ಆರಂಭವಾಗಿದೆ. ನಮ್ಮ ಹೊಂಗೆಯಂತೂ ಸಂಸ್ಕೃತದ ‘ಕರಂಜ’; ಹಿಂದೆ ದೀಪಕ್ಕೆ ಎಣ್ಣೆ ಕೊಟ್ಟ ಮರ. ಬದುವಿನ ಮೇಲೆ ಬೆಳೆದು, ಸಾರಜನಕವನ್ನು ತಾನೇ ನೆಲಕ್ಕೆ ಸೇರಿಸಿ, ಹಿಂಡಿಯನ್ನು ಗೊಬ್ಬರಕ್ಕೆ ಕೊಡುವುದು. ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಇದರ ವಿಷಯದಲ್ಲಿ ಕೆಲಸ ನಡೆಸಿದ್ದಾರೆ. ಆದರೆ ಹೊಂಗೆ ಫಲ ಕೊಡಲು ವರ್ಷಗಳು ಬೇಕು. ಬಂಜರಿನಲ್ಲಿ ಹೊನ್ನು ಸುರಿಯುವುದೆಂದು ಹಿಂದೆ ಹೊಗಳಿಸಿಕೊಂಡ ಜತ್ರೋಫ ಗಿಡವು ಹೇಳಿದಷ್ಟು ಇಳುವರಿ ಕೊಡದೆ ಹೋದುದನ್ನೂ ಮರೆಯಬಾರದು.

ತಿಂಗಳು ತುಂಬಿದ ಮೇಲೆ ಶಿಷ್ಯನು ಬಂದನು. “ಕಾಲುವೆಯ ನೀರಿನಲ್ಲಿ ಈಗಾಗಲೇ ಬೆಳೆಯುವ ಕಬ್ಬಿನ ಮಾತು ಬೇರೆ. ರಾಗಿಯ ಹೊಲಕ್ಕೆ ಪಾತಾಳದ ನೀರನ್ನೆತ್ತಿ ಮೋಟಾರಿಗೆ ಕುಡಿಸಬೇಡ, ಬದುವಿಗೆ ಹೊಂಗೆ ಇಡು” ಎಂದೆವು. ಅವನು ತಲೆ ತಗ್ಗಿಸಿ, “ರಾಗಿಯ ಹಣದಲ್ಲಿ ಮಗಳ ಕಾಲೇಜಿನ ಫೀಜು ಹುಟ್ಟುವುದಿಲ್ಲ, ಮೇಷ್ಟ್ರೇ” ಎಂದನು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನೀರನ್ನು ಉಳಿಸುವ ರೈತನಿಗೆ ನೀರನ್ನು ಕರಗಿಸುವವನಷ್ಟಾದರೂ ಪ್ರಾಪ್ತಿ ದೊರೆಯುವವರೆಗೆ ನಮ್ಮಂತಹವರ ಉಪದೇಶವು ಅರ್ಧ ಉಪದೇಶವೇ. ಬಾವಿಯನ್ನು ಮಾತ್ರ ಅವನು ಇನ್ನೂ ತೋಡಿಸಿಲ್ಲ. ನಾವೂ ಅಂದಿನಿಂದ ಅಂಗಡಿಗೆ ನಡೆದೇ ಹೋಗುತ್ತಿದ್ದೇವೆ.