ಯಾವ ಚಿತ್ರವನ್ನು ನಂಬಬೇಕು?

‘ದಿ ವಿಝರ್ಡ್ ಆಫ್ ಆಝ್’ ಚಿತ್ರದ ಡೊರೊಥಿಯ ವೇಷ ಕಟ್ಟಲು ಹೊರಟವರು ಮೊದಲು ಹುಡುಕುವುದು ಅವಳ ಕೆಂಪು ಪಾದರಕ್ಷೆಯನ್ನು. ತೆರೆಯ ಮೇಲೆ ಅದು ಮಾಣಿಕ್ಯದ ಹಾಗೆ ಹೊಳೆಯುತ್ತದೆ. ಆದರೆ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿರುವ ಅಸಲಿ ಜೋಡಿಗೆ ಹೊಲಿದಿರುವ ಮಿಣುಕುಬಿಲ್ಲೆಗಳು ಗಾಢವಾದ ಕಡುಗೆಂಪು. 1939ರ ಟೆಕ್ನಿಕಲರ್ ಎಂಬ ಬಣ್ಣದ ಸಿನಿಮಾ ತಂತ್ರದಲ್ಲಿ ಕಡುಗೆಂಪು ತಿಳಿಯಾಗಿ ಮೂಡುತ್ತಿತ್ತು. ನಿಜಕ್ಕೂ ತಿಳಿಗೆಂಪನ್ನೇ ಬಳಸಿದ್ದರೆ ಕಿತ್ತಳೆಗೆ ತಿರುಗುತ್ತಿತ್ತು. 1900ರಲ್ಲಿ ಬಂದ ಮೂಲ ಕಾದಂಬರಿಯಲ್ಲಂತೂ ಅವು ಬೆಳ್ಳಿಯವು! ಸಾಲದ್ದಕ್ಕೆ, 2005ರಲ್ಲಿ ಮಿನೆಸೋಟದಿಂದ ಕಳುವಾಗಿದ್ದ ಇನ್ನೊಂದು ಜೋಡಿ 2018ರಲ್ಲಿ ಪತ್ತೆಯಾದಾಗ, ತಜ್ಞರು ಅದನ್ನು ಸ್ಮಿತ್ಸೋನಿಯನ್ ಜೋಡಿಯ ಪಕ್ಕ ಇಟ್ಟು ನೋಡಿದರು. ಒಂದರ ಎಡಗಾಲಿನದು ಇನ್ನೊಂದರ ಬಲಗಾಲಿನದಕ್ಕೆ ಸರಿಜೋಡಿ. ಎರಡೂ ಯಾವಾಗಲೋ ಅದಲುಬದಲಾಗಿದ್ದವು.

ಅಸಲಿ ವಸ್ತುವಿನ ಪಾಡೇ ಹೀಗಿರುವಾಗ, ಕಾಸ್‌ಪ್ಲೇಗೆ, ಅಂದರೆ ಮೆಚ್ಚಿನ ಪಾತ್ರದ ವೇಷ ಕಟ್ಟುವ ಹವ್ಯಾಸಕ್ಕೆ, ಮಾದರಿ ಹುಡುಕುವವರು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದದ್ದು ಒಂದೇ: ಯಾವ ಆವೃತ್ತಿ? ‘ಡಾರ್ತ್ ವೇಡರ್’ ಎಂದಷ್ಟೇ ಹೇಳಿದರೆ ಸಾಲದು. 1977ರ ಮೊದಲ ‘ಸ್ಟಾರ್ ವಾರ್ಸ್’ನಲ್ಲಿ ಅವನ ಒಳನಿಲುವಂಗಿ ಭುಜಕವಚದ ಮೇಲೆ ಬರುತ್ತದೆ; 1980ರ ಚಿತ್ರದಲ್ಲಿ ಕವಚ ಮೇಲೆ, ಅಂಗಿ ಒಳಗೆ. ಎರಡೂ ಚಿತ್ರಗಳ ಫೋಟೊ ಬೆರೆಸಿ ಹೊಲಿಸಿದರೆ ಯಾವ ಸಿನಿಮಾದಲ್ಲೂ ಇಲ್ಲದ ವೇಡರ್ ಎದ್ದು ನಿಲ್ಲುತ್ತಾನೆ. ಇಂಥ ಗೊಂದಲ ತಪ್ಪಿಸಲೆಂದೇ, 1997ರಲ್ಲಿ ಹುಟ್ಟಿದ ‘501ನೇ ಲೀಜನ್’ ಎಂಬ ಅಭಿಮಾನಿಗಳ ಸಂಘ ಪ್ರತಿ ವೇಷಕ್ಕೂ ಪ್ರತ್ಯೇಕ ಮಾದರಿ ಕಡತ ಇಟ್ಟಿದೆ. ಹೆಲ್ಮೆಟ್, ಬೂಟು, ಬೆಲ್ಟು ಹೇಗಿರಬೇಕೆಂದು ಅದರಲ್ಲಿ ಭಾಗ ಭಾಗವಾಗಿ ಬರೆದಿರುತ್ತದೆ. ವೇಷ ಅದಕ್ಕೆ ಹೊಂದದಿದ್ದರೆ ಸದಸ್ಯತ್ವವಿಲ್ಲ. ಹವ್ಯಾಸಕ್ಕೆ ಇಷ್ಟು ಬಿಗಿ ಅತಿಯಾಯಿತು ಅನ್ನಿಸಬಹುದು. ಆದರೆ ಆ ಸಂಘವನ್ನು ಸೇರುವ ಆಸೆ ಇಲ್ಲದವರಿಗೂ ಆ ಕಡತಗಳು ಬಿಟ್ಟಿ ಸಿಕ್ಕ ಪಾಠ.

ಪೋಸ್ಟರುಗಳದ್ದು ಬೇರೆ ತೊಂದರೆ. ಅವು ಬೆನ್ನು ತೋರಿಸುವುದಿಲ್ಲ, ದರ್ಜಿ ಕೇಳುವುದು ಅದನ್ನೇ.

ಜಪಾನಿನ ಅನಿಮೆ ಸ್ಟುಡಿಯೊಗಳಿಗೂ ಇದೇ ತಾಪತ್ರಯ ಇತ್ತು. ಒಂದೇ ಪಾತ್ರವನ್ನು ಹತ್ತಾರು ಕಲಾವಿದರು ಬಿಡಿಸುವಾಗ ಅಂಗಿಯ ಮಡಿಕೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ ಆಗಬಾರದಲ್ಲ! ಹಾಗಾಗಿ ಮುಂದೆ, ಪಕ್ಕ, ಹಿಂದೆ ಮೂರೂ ಕಡೆಯಿಂದ ಬಿಡಿಸಿದ ‘ಸೆತ್ತೇಯ್’ ಹಾಳೆಗಳನ್ನು ತಯಾರಿಸುತ್ತಾರೆ. ಎಷ್ಟೋ ಅನಿಮೆಗಳ ಕಲಾಪುಸ್ತಕಗಳಲ್ಲಿ ಇವು ಅಚ್ಚಾಗುತ್ತವೆ. ಅದು ಸಿಗದಿದ್ದರೆ ಅಂಗಡಿಯಲ್ಲಿ ಮಾರುವ ಪಾತ್ರದ ಬೊಂಬೆಯನ್ನೇ ತಿರುಗಿಸಿ ನೋಡಬಹುದು. ಗೇಮ್ ಕಂಪನಿಗಳು ಇನ್ನೂ ಉದಾರಿಗಳು: ‘ದಿ ವಿಚರ್ 3’, ‘ಓವರ್‌ವಾಚ್’ ಪಾತ್ರಗಳಿಗೆ ವೇಷ ಕಟ್ಟುವವರಿಗೆಂದೇ ಅಧಿಕೃತ ಮಾದರಿ ಕೈಪಿಡಿಗಳು ಬಂದಿವೆ.

ಆದರೂ ರೇಖಾಚಿತ್ರ ಹೇಳದೆ ಬಿಡುವ ಸಂಗತಿ ಒಂದಿದೆ: ಬಟ್ಟೆ ಯಾವುದು? ‘ಡೀಮನ್ ಸ್ಲೇಯರ್’ ಅನಿಮೆಯ ತಂಜಿರೊ ತೊಡುವ ಹಸಿರು-ಕಪ್ಪು ಚೌಕಳಿಯ ಮೇಲಂಗಿ ತೆರೆಯ ಮೇಲೆ ಬರೀ ಬಣ್ಣ. ಅದು ರೇಷ್ಮೆಯೋ ಹತ್ತಿಯೋ ತಿಳಿಯದು. ಇಲ್ಲಿ ಅನಿಮೆ ಬಿಟ್ಟು ಇತಿಹಾಸಕ್ಕೆ ಹೋಗಬೇಕು. ಕಥೆ ನಡೆಯುವುದು 1912ರಿಂದ 1926ರವರೆಗಿನ ತೈಶೊ ಕಾಲದಲ್ಲಿ. ಅಂಗಿ, ಅಂದು ಜನ ನಿಜಕ್ಕೂ ತೊಡುತ್ತಿದ್ದ ಹಓರಿ. ಮುಂಭಾಗ ತೆರೆದೇ ಇರುತ್ತದೆ, ಗುಂಡಿ ಇಲ್ಲ. ಮ್ಯೂಸಿಯಮ್ಮುಗಳಲ್ಲಿರುವ ಹಳೆಯ ಹಓರಿಗಳ ಫೋಟೊ ನೋಡಿದರೆ ತೋಳಿನ ಕತ್ತರಿಕೆ ಅರ್ಥವಾಗುತ್ತದೆ, ಬೆಂಗಳೂರಿನ ಚಿಕ್ಕಪೇಟೆಯ ಅಂಗಡಿಗಳಲ್ಲಿ ಯಾವ ಬಟ್ಟೆ ಕೇಳಬೇಕೆಂಬುದೂ. ತಂಜಿರೊನ ಕಿವಿಯೋಲೆಯಲ್ಲೂ ಆವೃತ್ತಿಯ ತಕರಾರು ಇದೆ. ಮೂಲದಲ್ಲಿರುವ ಉದಯಸೂರ್ಯನ ಕಿರಣಗಳು ಜಪಾನಿನ ಯುದ್ಧಕಾಲದ ಧ್ವಜವನ್ನು ನೆನಪಿಸುವುದರಿಂದ ಕೊರಿಯ ಮೊದಲಾದ ಕಡೆ ಅವನ್ನು ಅಡ್ಡಗೆರೆಗಳಾಗಿ ಬದಲಿಸಿದರು.

ಸುಲಭಕ್ಕೆ ಸಿಗುವುದು ಇತರ ಕಾಸ್‌ಪ್ಲೇಯರ್‌ಗಳ ಫೋಟೊಗಳು. ಅವನ್ನೇ ಮೂಲವೆಂದು ಹಿಡಿದರೆ ಅವರ ಅಂದಾಜು, ಅವರ ತಪ್ಪು, ಅವರಿಗೆ ಸಿಕ್ಕ ಬಟ್ಟೆಯ ಬಣ್ಣ ಎಲ್ಲವೂ ನಕಲಾಗುತ್ತವೆ. ಪಾತ್ರ ಹೇಗಿದೆ ಎಂಬುದಕ್ಕೆ ಅವು ಸಾಕ್ಷಿಯಲ್ಲ. ವೇಷವನ್ನು ಹೇಗೆ ಕಟ್ಟಿದ್ದಾರೆ ಎಂಬುದಕ್ಕೆ ಮಾತ್ರ ಅವಕ್ಕಿಂತ ಒಳ್ಳೆಯ ಮಾದರಿ ಬೇರೆ ಸಿಗದು. ಭುಜಕವಚಕ್ಕೆ ಒಳಗೆ ಯಾವ ಪಟ್ಟಿ, ಜಿಪ್ ಎಲ್ಲಿ ಅಡಗಿದೆ ಎಂಬುದನ್ನು ಯಾವ ಕಲಾಪುಸ್ತಕವೂ ಹೇಳುವುದಿಲ್ಲ. ಬೆಂಗಳೂರಿನ ಕಾಮಿಕ್ ಕಾನ್ ಮೇಳದಲ್ಲಿ ವೇಷ ತೊಟ್ಟವರನ್ನೇ ಕೇಳಿದರೆ, ಹೆಚ್ಚಿನವರು ಖುಷಿಯಿಂದ ತಿರುಗಿ ನಿಂತು ತೋರಿಸುತ್ತಾರೆ.